ನಿಂತುಹೋದ ಬಸ್ಸು: ಅರ್ಜಿ ಯಾರಿಗೆ, ಏನಂತ ಬರೆಯೋಣ?

ಗುರುವಾರ

ಸಂಘದ ಕಾರ್ಯದರ್ಶಿ, 1ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಬೆಳಗ್ಗೆ 7:40ರ ಬಸ್ಸು, ಸಂಜೆ 6:15ರ ಬಸ್ಸು ಎರಡೂ ದಸರಾ ರಜೆಗೆ ನಿಂತವು, ಆಮೇಲೆ ಬರಲೇ ಇಲ್ಲ. ದಿನಾ ಇಲ್ಲಿ ಬೈದುಕೊಂಡು ಕೂರುವುದರಿಂದ ಬಸ್ಸು ಬರುವುದಿಲ್ಲ. ಶಾಸಕರಿಗೆ ಒಂದು ಮನವಿ ಕೊಡೋಣ ಅಂತಿದ್ದೇನೆ. ವಿಷಯ: ‘ನಮ್ಮ ಬಡಾವಣೆಗೆ ಹೊಸ ಬಸ್ ಬಿಡುವ ಬಗ್ಗೆ’. ಭಾನುವಾರ ಪಾರ್ಕಿನಲ್ಲಿ ಸಹಿ ಸಂಗ್ರಹ. ಅಭಿಪ್ರಾಯ ಇದ್ದರೆ ಇಲ್ಲೇ ಹೇಳಿ. ಈ ಚರ್ಚೆ ಮುಗಿಯುವವರೆಗೆ ಗುಡ್ ಮಾರ್ನಿಂಗ್ ಫೋಟೊ ಬೇಡ, ಪ್ಲೀಸ್.

3ನೇ ಕ್ರಾಸ್, ಮನೆ 41:
ನನ್ನ ಮಗನಿಗೆ ಪಿಯು ಕ್ಲಾಸ್ 8:30ಕ್ಕೆ. ಈಗ ರಿಂಗ್ ರೋಡ್ ತನಕ ನಡೆದು ಹೋಗುತ್ತಾನೆ. ಅಲ್ಲಿ ಬರುವ ಬಸ್ಸುಗಳು ತುಂಬಿಕೊಂಡೇ ಬರುತ್ತವೆ, ಅರ್ಧಕ್ಕರ್ಧ ನಿಲ್ಲಿಸುವುದೇ ಇಲ್ಲ. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ಶೇರ್ ಆಟೊಗೆ ದಿನಕ್ಕೆ 40 ರೂಪಾಯಿ ಕೊಡುತ್ತಿದ್ದಾರೆ. ಮೊದಲು ಅವರಿಗೆ ಖರ್ಚೇ ಇರಲಿಲ್ಲ.

5ನೇ ಕ್ರಾಸ್, ಮಹಡಿ ಮನೆ:
ಅಲ್ಲೇ ಇದೆ ನೋಡಿ ವಿಷಯ. ಎಲ್ಲ ಹೆಂಗಸರಿಗೂ ಬಸ್ ಫ್ರೀ ಕೊಟ್ಟ ಮೇಲೆ ಸಾರಿಗೆ ನಿಗಮಕ್ಕೆ ದುಡ್ಡೆಲ್ಲಿಂದ ಬರಬೇಕು? 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿಸಿದರು, ಅದನ್ನು ಕೊಡುವವರು ಗಂಡಸರು ಮಾತ್ರ. ಆದರೂ ಬಸ್ಸಿಲ್ಲ.

2ನೇ ಕ್ರಾಸ್, ನಿವೃತ್ತ ಕಂಡಕ್ಟರ್:
ಸಾರ್, ಕೋಪ ಸರಿ. ಆದರೆ ಲೆಕ್ಕ ಹಾಗಿಲ್ಲ. ಹೆಂಗಸರಿಗೆ ಕೊಡುವುದು ಶೂನ್ಯ ಟಿಕೆಟ್. ಮಷಿನ್‌ನಲ್ಲಿ ಅದಕ್ಕೂ ಬೆಲೆ ದಾಖಲಾಗುತ್ತದೆ. ಆ ಬೆಲೆಯನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. 2023ರ ಜೂನ್ 11ರಂದು ಈ ಶಕ್ತಿ ಯೋಜನೆ ಶುರುವಾದಾಗ ಆದ ಏರ್ಪಾಡೇ ಅದು. ಹಾಗಾಗಿ ಬಸ್ಸು ತುಂಬಿದಷ್ಟೂ ನಿಗಮದ ಪಾಲು ಜಾಸ್ತಿಯೇ ಆಗಬೇಕು. ತೊಂದರೆ ಇರುವುದು ಆ ದುಡ್ಡು ಯಾವಾಗ ಬರುತ್ತದೆ, ಪೂರ್ತಿ ಬರುತ್ತದಾ ಅನ್ನುವುದರಲ್ಲಿ. ಡೀಸೆಲ್ ಬಂಕಿನವನು ಬಜೆಟ್ ಬರಲಿ ಅಂತ ಕಾಯುವುದಿಲ್ಲ.

5ನೇ ಕ್ರಾಸ್, ಮಹಡಿ ಮನೆ:
ಕಂಡಕ್ಟರ್ ರಾಯರೇ, ಸರ್ಕಾರ ಕೊಡುವುದೂ ನಮ್ಮ ತೆರಿಗೆ ದುಡ್ಡೇ ಅಲ್ವಾ?

2ನೇ ಕ್ರಾಸ್, ನಿವೃತ್ತ ಕಂಡಕ್ಟರ್:
ಹೌದು. ಅದಕ್ಕೇ ಕೇಳುವ ಹಕ್ಕೂ ಇದೆ.

4ನೇ ಕ್ರಾಸ್, ಖಜಾನೆ ಮೇಡಂ:
ಊಟ ಮಾಡಿ ಬರುವಷ್ಟರಲ್ಲಿ ಇಷ್ಟು ಮೆಸೇಜಾ! ನಾನೂ ಎರಡು ಮಾತು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಖಜಾನೆಯಲ್ಲಿ ಸರ್ವೀಸ್ ಮುಗಿಸಿದವಳು ನಾನು. ರಿಟೈರ್ ಆದರೂ ಬಜೆಟ್ ಪುಸ್ತಕ ತಿರುವಿ ಹಾಕುವ ಚಟ ಬಿಟ್ಟಿಲ್ಲ.

ಕಾರ್ಯದರ್ಶಿಗಳೇ, ‘ಹೊಸ ಬಸ್ ಬಿಡಿ’ ಅಂತ ಬರೆದರೆ ಏನಾಗುತ್ತದೆ ಗೊತ್ತಾ? ಶಾಸಕರ ಕಚೇರಿಯಿಂದ ಅದು ಇಲಾಖೆಗೆ ಹೋಗುತ್ತದೆ. ‘ಹೊಸ ಬಸ್ಸುಗಳು ಬಂದ ನಂತರ ಪರಿಶೀಲಿಸಲಾಗುವುದು’ ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಫೈಲ್ ಮುಚ್ಚುತ್ತದೆ. ನಾವು ಕಳೆದುಕೊಂಡಿರುವುದು ಎರಡು ಟ್ರಿಪ್. ಬಸ್ಸಿಗೆ ದುಡ್ಡು ಬರುವ ಜಾಗ ಬೇರೆ, ಟ್ರಿಪ್ ಓಡಿಸಲು ದುಡ್ಡು ಬರುವ ಜಾಗ ಬೇರೆ.

ರಾಜ್ಯದ ಖರ್ಚನ್ನೆಲ್ಲ ಬೇಡಿಕೆಗಳು ಅಂತ ಭಾಗ ಮಾಡಿರುತ್ತಾರೆ. ನಮ್ಮ ಬಸ್ಸು ಇರುವುದು ಬೇಡಿಕೆ ಸಂಖ್ಯೆ 5ರಲ್ಲಿ. ಅದರ ಹೆಸರು ಒಳಾಡಳಿತ ಮತ್ತು ಸಾರಿಗೆ, ಅಂದರೆ ಪೊಲೀಸರ ಪಕ್ಕದಲ್ಲಿ. ಬಸ್ಸು ಓಡುವ ರಸ್ತೆ ಬೇಡಿಕೆ 20ರಲ್ಲಿ, ಲೋಕೋಪಯೋಗಿ ಇಲಾಖೆ. ಊರಿನೊಳಗಿನ ಸಾರಿಗೆಯನ್ನು ಯೋಜಿಸುವ ನಗರ ಭೂಸಾರಿಗೆ ನಿರ್ದೇಶನಾಲಯ ನಗರಾಭಿವೃದ್ಧಿ ಇಲಾಖೆಯದು, ಅದು ಬೇಡಿಕೆ 19. ನಮಗೆ ಒಂದೇ ಆಗಿ ಕಾಣುವ ಬಸ್ ಸ್ಟಾಪು ಮೂರು ಇಲಾಖೆಗಳ ಪುಸ್ತಕದಲ್ಲಿ ಹಂಚಿಹೋಗಿದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಕೈ ತೋರಿಸುವುದು ಸುಮ್ನೆ ಅಲ್ಲ.

ಬೇಡಿಕೆ 5ರ ಒಳಗೆ ಮೂರು ಲೆಕ್ಕ ಶೀರ್ಷಿಕೆ ನೆನಪಿಟ್ಟುಕೊಳ್ಳಿ. 3055 ಅಂದರೆ ರಸ್ತೆ ಸಾರಿಗೆಯ ರಾಜಸ್ವ ಖರ್ಚು, ಅಂದರೆ ವರ್ಷ ವರ್ಷ ಖರ್ಚಾಗಿ ಮುಗಿಯುವ ದುಡ್ಡು. 5055 ಅಂದರೆ ಬಂಡವಾಳ, ಆಸ್ತಿ ಮಾಡಿಕೊಳ್ಳುವ ದುಡ್ಡು. 7055 ಅಂದರೆ ಸಾಲ. ಈ ನಂಬರುಗಳು ಇಡೀ ದೇಶಕ್ಕೆ ಒಂದೇ. ಕೇರಳದ ಬಜೆಟ್ ತೆಗೆದರೂ 3055 ಅಂದರೆ ರಸ್ತೆ ಸಾರಿಗೆಯೇ.

ಈಗ ನೋಡಿ. 2025ರ ಮಾರ್ಚ್ 7ರ ಬಜೆಟ್‌ನಲ್ಲಿ ಶಕ್ತಿ ಯೋಜನೆಗೆ 5,300 ಕೋಟಿ ಇಟ್ಟರು. ಅದೇ ಭಾಷಣದಲ್ಲಿ 14,750 ಎಲೆಕ್ಟ್ರಿಕ್ ಬಸ್ ಸೇರಿಸುತ್ತೇವೆ ಅಂದರು, ಅದರಲ್ಲಿ 9,000 ಬೆಂಗಳೂರಿನ ಬಿಎಂಟಿಸಿಗೆ. ಎರಡೂ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂದವು. ಆದರೆ ಡ್ರೈವರು, ಕಂಡಕ್ಟರ ಸಂಬಳ? ಅದು ಭಾಷಣದಲ್ಲಿ ಬರುವ ಬಾಬತ್ತೇ ಅಲ್ಲ. ಸರ್ಕಾರಿ ಮೇಷ್ಟ್ರ ಸಂಬಳದ ಹಾಗೆ ಅದು ಖಜಾನೆಯಿಂದ ಹೋಗುವುದಿಲ್ಲ. ನಿಗಮ ತನ್ನ ಟಿಕೆಟ್ ಆದಾಯದಿಂದ, ಸರ್ಕಾರ ತುಂಬಿಕೊಡುವ ದುಡ್ಡಿನಿಂದ ಕೊಡಬೇಕು. ಡೀಸೆಲ್, ಟೈರು, ಪಿಎಫ್ ಎಲ್ಲವೂ ಅದೇ ಗಲ್ಲಾಪೆಟ್ಟಿಗೆಯಿಂದ. ಆ ಪೆಟ್ಟಿಗೆ ಬರಿದಾದ ದಿನ ಮೊದಲು ನಿಲ್ಲುವುದು ನಮ್ಮಂಥ ಕೊನೆಯ ಬಡಾವಣೆಯ ಟ್ರಿಪ್.

6ನೇ ಕ್ರಾಸ್, ಆಟೊ:
ಮೇಡಂ, ಸಾಲ ತಗೊಂಡ್ರು ಅಂತ ಓದಿದ್ದೆ?

4ನೇ ಕ್ರಾಸ್, ಖಜಾನೆ ಮೇಡಂ:
ಹೌದಪ್ಪ. 2025ರ ಜನವರಿಯಲ್ಲಿ ರಾಜ್ಯದ ನಾಲ್ಕೂ ಸಾರಿಗೆ ನಿಗಮ ಸೇರಿ 2,000 ಕೋಟಿ ಸಾಲ ಪಡೆಯಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಪಿಎಫ್ ಬಾಕಿ, ಡೀಸೆಲ್ ಬಾಕಿ ತೀರಿಸಲು. ಅಂದರೆ ಆ ಸಾಲದಿಂದ ಒಂದು ಬಸ್ಸೂ ಬರುವುದಿಲ್ಲ, ಹಳೇ ಬಾಕಿ ತೀರುತ್ತದೆ ಅಷ್ಟೆ. ಮನೆ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

2ನೇ ಕ್ರಾಸ್, ನಿವೃತ್ತ ಕಂಡಕ್ಟರ್:
2025ರ ಆಗಸ್ಟ್ 5ರಂದು ಸಾರಿಗೆ ನೌಕರರ ಮುಷ್ಕರ ಆಗಿದ್ದು ನೆನಪಿದೆಯಲ್ಲ? 38 ತಿಂಗಳ ವೇತನ ಹಿಂಬಾಕಿ ಅದರ ಮುಖ್ಯ ಬೇಡಿಕೆ. ಆ ದಿನ ನಮ್ಮ ಗುಂಪಿನಲ್ಲೇ ‘ಇವರಿಗೆ ಎಷ್ಟು ಕೊಟ್ಟರೂ ಸಾಲದು’ ಅಂತ ಮೆಸೇಜ್ ಬಂದಿತ್ತು. ಹೆಸರು ಹೇಳುವುದಿಲ್ಲ.

5ನೇ ಕ್ರಾಸ್, ಮಹಡಿ ಮನೆ:
ಹೆಸರು ಹೇಳದಿದ್ದರೂ ಗೊತ್ತಾಯಿತು ಬಿಡಿ. 😄 ಸರಿ, ಈಗ ಏನು ಮಾಡಬೇಕು ಅಂತೀರಿ?

ಶುಕ್ರವಾರ

ಸಂಘದ ಕಾರ್ಯದರ್ಶಿ, 1ನೇ ಕ್ರಾಸ್:
ರಾತ್ರಿ ಎಲ್ಲ ಓದಿದೆ. ನಿನ್ನೆ ಫೋನಿನಲ್ಲಿ ಕೆಲವರು ಹೇಳಿದ್ದು: ಶಾಸಕರ ನಿಧಿಯಿಂದ ಒಂದು ಒಳ್ಳೆ ಬಸ್ ತಂಗುದಾಣ ಕಟ್ಟಿಸಿಕೊಂಡರೆ ಬಸ್ಸು ತಾನಾಗಿ ಬರುತ್ತದೆ ಅಂತ. ವರ್ಷಕ್ಕೆ 2 ಕೋಟಿ ಇರುತ್ತದಂತೆ ಅವರಿಗೆ.

7ನೇ ಕ್ರಾಸ್, ಮೂಲೆ ಮನೆ:
ತಾನಾಗಿ ಬರಲ್ಲ ಸರ್. ರಿಂಗ್ ರೋಡಿನ ಆ ಕಡೆ ಬಡಾವಣೆಯಲ್ಲಿ ಸ್ಟೀಲಿನ ತಂಗುದಾಣ ಇದೆ, ಮೇಲೆ ದೊಡ್ಡ ಫೋಟೊ ಇದೆ, ಬೆಂಚಿನ ಮೇಲೆ ಮಧ್ಯಾಹ್ನ ಇಸ್ಪೀಟು ನಡೆಯುತ್ತದೆ. ಬಸ್ಸು ಮಾತ್ರ ಇಲ್ಲ.

4ನೇ ಕ್ರಾಸ್, ಖಜಾನೆ ಮೇಡಂ:
ಶಾಸಕರ ನಿಧಿ ಕಟ್ಟಡಕ್ಕೆ, ಆಸ್ತಿ ಕಾಮಗಾರಿಗೆ. ಡ್ರೈವರ್ ಸಂಬಳಕ್ಕೆ ಅಲ್ಲ. ಕಲ್ಲು ನೆಟ್ಟು ಫೋಟೊ ತೆಗೆಯಬಹುದಾದ ಕೆಲಸಕ್ಕೆ ದುಡ್ಡು ಸುಲಭವಾಗಿ ಸಿಗುತ್ತದೆ. ದಿನಾ ಬೆಳಗ್ಗೆ 7:40ಕ್ಕೆ ಒಬ್ಬ ಡ್ರೈವರ್ ಬರುವುದನ್ನು ಯಾರೂ ಉದ್ಘಾಟನೆ ಮಾಡುವುದಿಲ್ಲ.

ಇನ್ನೊಂದು. ನಿಮ್ಮ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಇರುತ್ತದೆ. ಅದರ ಕೆಳಗೆ ನಗರ ಸಾರಿಗೆ ಕರ ಅಂತ ಇನ್ನೊಂದು ಸಾಲು. ತೆರಿಗೆಯ ಮೇಲೆ ಶೇ 2.

3ನೇ ಕ್ರಾಸ್, ಮನೆ 41:
ಈಗಷ್ಟೇ ನೋಡಿದೆ ಮೇಡಂ, ಇದೆ! ಇಷ್ಟು ವರ್ಷ ಕಟ್ಟುತ್ತಿದ್ದೇವೆ, ಗಮನಿಸಿಯೇ ಇರಲಿಲ್ಲ. ಬಸ್ಸಿಗೇ ಅಂತ ದುಡ್ಡು ಕೊಟ್ಟಿದ್ದೇವೆ, ಬಸ್ಸೆಲ್ಲಿ?

4ನೇ ಕ್ರಾಸ್, ಖಜಾನೆ ಮೇಡಂ:
ತಾಳಿ. ಈ ಕರ ನಿಗಮದ ಗಲ್ಲಾಪೆಟ್ಟಿಗೆಗೆ ಹೋಗುವುದಲ್ಲ. ರಾಜ್ಯ ನಗರ ಸಾರಿಗೆ ನಿಧಿ ಅಂತ ಒಂದಿದೆ, ನಗರ ಭೂಸಾರಿಗೆ ನಿರ್ದೇಶನಾಲಯ ನೋಡಿಕೊಳ್ಳುತ್ತದೆ. ಊರುಗಳ ಸಾರಿಗೆ ಯೋಜನೆಗಳಿಗೆ ಅಂತ ಮಾಡಿರುವ ನಿಧಿ. ನಮ್ಮ ಪಾಲಿಕೆ ಜನರಿಂದ ವಸೂಲಿ ಮಾಡಿದ್ದೆಷ್ಟು, ಆ ನಿಧಿಗೆ ಕಳಿಸಿದ್ದೆಷ್ಟು, ನಮ್ಮ ಊರಿಗೆ ವಾಪಸ್ ಬಂದಿದ್ದೆಷ್ಟು? ಈ ಮೂರೇ ಪ್ರಶ್ನೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಎಚ್ಚರಿಕೆ: ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. 5ನೇ ಕ್ರಾಸಿನವರು ಬರೆದರೆ 150ರಲ್ಲಿ ಮುಗಿಯುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ.

5ನೇ ಕ್ರಾಸ್, ಮಹಡಿ ಮನೆ:
ಒಪ್ಪಿದೆ ಮೇಡಂ. ಒಂದು ಪ್ರಶ್ನೆ. ನಮ್ಮ ಊರಿಗೂ ಎಲೆಕ್ಟ್ರಿಕ್ ಬಸ್ ಬರುತ್ತದೆ ಅಂತಾರಲ್ಲ. ಅದು ಬಂದರೆ ಸಮಸ್ಯೆ ಮುಗಿಯಲ್ವಾ? ಸುಮ್ನೆ ಯಾಕೆ ಇಷ್ಟೆಲ್ಲ ಓಡಾಟ?

7ನೇ ಕ್ರಾಸ್, ಮೂಲೆ ಮನೆ:
ಇದಕ್ಕೆ ನಾನು ಹೇಳುತ್ತೇನೆ, ನನ್ನ ಕೆಲಸ ಗುತ್ತಿಗೆ ಕಾಗದ ಓದುವುದೇ. ಪಿಎಂ ಇ-ಬಸ್ ಸೇವಾ ಅಂತ ಕೇಂದ್ರದ ಯೋಜನೆ, 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಆಗಿದ್ದು. ದೇಶಕ್ಕೆಲ್ಲ ಸೇರಿ 10,000 ಬಸ್, ಕೇಂದ್ರದ ಪಾಲು 20,000 ಕೋಟಿ. ಬಸ್ಸು ನಿಗಮದ್ದಲ್ಲ, ಕಂಪನಿಯದು. ಡ್ರೈವರೂ ಕಂಪನಿಯವನೇ. ಓಡಿದ ಕಿಲೋಮೀಟರ್‌ಗೆ ಇಷ್ಟು ಅಂತ ನಿಗಮ ಕಂಪನಿಗೆ ಕೊಡಬೇಕು, ಅದರಲ್ಲಿ ಸ್ವಲ್ಪ ಭಾಗ ಕೇಂದ್ರ 10 ವರ್ಷ ಕೊಡುತ್ತದೆ. ಜನ ಹತ್ತಲಿ ಬಿಡಲಿ, ಕಿಲೋಮೀಟರ್ ದುಡ್ಡು ಕೊಡಲೇಬೇಕು. ಹಾಗಿರುವಾಗ ನಿಗಮ ಆ ಬಸ್ಸನ್ನು ಎಲ್ಲಿಗೆ ಹಾಕುತ್ತದೆ? ತುಂಬಿ ತುಳುಕುವ ದಾರಿಗೆ. ನಮ್ಮ ಬಡಾವಣೆಗೆ ಹಾಕಬೇಕಾದರೆ ಇಲ್ಲೂ ಜನ ಇದ್ದಾರೆ ಅಂತ ಕಾಗದದಲ್ಲಿ ಕಾಣಬೇಕು.

ಇನ್ನೊಂದು ಸ್ವಾರಸ್ಯ ಇದೆ. ನಿಗಮ ಕಂಪನಿಗೆ ದುಡ್ಡು ಕೊಡದೆ ತಡ ಮಾಡಿದರೆ ಅಂತ ಕೇಂದ್ರ ಬೇರೆ ನಿಧಿಯನ್ನೇ ಮಾಡಿದೆ, 2024ರಲ್ಲಿ. ಅಲ್ಲಿಂದ ಕಂಪನಿಗೆ ಕೊಟ್ಟು, ಆಮೇಲೆ ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಕಡಿದುಕೊಳ್ಳಲು ರಾಜ್ಯ ಮೊದಲೇ ಒಪ್ಪಿ ಬರೆದುಕೊಡಬೇಕು. ಕಂಪನಿಯ ಬಿಲ್ಲಿಗೆ ಇಷ್ಟು ಭದ್ರತೆ. ನಮ್ಮ ಕಂಡಕ್ಟರ್ ರಾಯರ ಜೊತೆಯವರ ಹಿಂಬಾಕಿಗೆ ಮುಷ್ಕರ. ಯಾವುದಕ್ಕೆ ಗ್ಯಾರಂಟಿ ಬರೆದುಕೊಡುತ್ತಾರೆ, ಯಾವುದಕ್ಕೆ ಕಾಯಿಸುತ್ತಾರೆ ಅನ್ನುವುದರಲ್ಲೇ ಸರ್ಕಾರಕ್ಕೆ ಯಾವುದು ಮುಖ್ಯ ಅಂತ ಗೊತ್ತಾಗುತ್ತದೆ, ನನ್ನ ಪ್ರಕಾರ.

2ನೇ ಕ್ರಾಸ್, ನಿವೃತ್ತ ಕಂಡಕ್ಟರ್:
‘ಕಾಗದದಲ್ಲಿ ಕಾಣಬೇಕು’ ಅಂದಿರಲ್ಲ, ಅದೇ ಮುಖ್ಯ. ನಾನು ಇದೇ ದಾರಿಯಲ್ಲಿ ಡ್ಯೂಟಿ ಮಾಡಿದವನು. ನಮ್ಮ ವಾಟರ್ ಟ್ಯಾಂಕ್ ಸ್ಟಾಪ್ ಒಂದು ಸ್ಟೇಜ್ ಅಲ್ಲ, ಅಂದರೆ ಟಿಕೆಟ್ ದರ ಲೆಕ್ಕ ಹಾಕುವ ಹಂತ ಅಲ್ಲ. ಟಿಕೆಟ್ ಮಷಿನ್‌ನಲ್ಲಿ ನಮ್ಮ ಸ್ಟಾಪಿನ ಹೆಸರೇ ಇಲ್ಲ. ಇಲ್ಲಿ ಹತ್ತಿದವರಿಗೆಲ್ಲ ಹಿಂದಿನ ಸ್ಟೇಜಿನಿಂದ ಟಿಕೆಟ್ ಹರಿಯುತ್ತಾರೆ, ರಿಂಗ್ ರೋಡ್ ಜಂಕ್ಷನ್ ಅಂತ. ಹೆಂಗಸರ ಶೂನ್ಯ ಟಿಕೆಟ್ಟೂ ಹಾಗೇ. ದಿನದ ಕೊನೆಗೆ ಡಿಪೋದಲ್ಲಿ ಲೆಕ್ಕ ತೆಗೆದರೆ ಜಂಕ್ಷನ್‌ನಲ್ಲಿ ಜನವೋ ಜನ, ಅದರಾಚೆ ನಮ್ಮ ಬಡಾವಣೆಗೆ ಬರುವ ಎರಡು ಕಿಲೋಮೀಟರ್ ಖಾಲಿ. ಡ್ರೈವರ್ ಕಮ್ಮಿ ಇರುವ ದಿನ ಡಿಪೋದವರು ಯಾವ ಟ್ರಿಪ್ ಕತ್ತರಿಸುತ್ತಾರೆ ನೀವೇ ಹೇಳಿ. ಅವರ ಕಣ್ಣಿಗೆ ನಾವು ಬಿದ್ದೇ ಇಲ್ಲ.

ರಶ್ ಇದ್ದಾಗ ಎಷ್ಟೋ ಜನ ‘ಫ್ರೀ ತಾನೆ’ ಅಂತ ಟಿಕೆಟ್ ತೆಗೆದುಕೊಳ್ಳದೆ ಇಳಿದು ಹೋಗುತ್ತಾರೆ. ಆ ಪ್ರಯಾಣಕ್ಕೆ ನಿಗಮಕ್ಕೆ ಸರ್ಕಾರದಿಂದ ಒಂದು ರೂಪಾಯಿಯೂ ಬರುವುದಿಲ್ಲ, ಟ್ರಿಪ್ ಲೆಕ್ಕದಲ್ಲೂ ಸೇರುವುದಿಲ್ಲ. ರಾಜ್ಯದಲ್ಲಿ 500 ಕೋಟಿ ಸಲ ಹೆಂಗಸರು ಪ್ರಯಾಣ ಮಾಡಿದರು ಅಂತ 2025ರ ಜುಲೈ 14ರಂದು ಸಮಾರಂಭ ಆಯಿತಲ್ಲ, ಆ ಎಣಿಕೆ ಬಂದಿದ್ದೂ ಇದೇ ಟಿಕೆಟ್‌ಗಳಿಂದ. ಮನೆಗೆಲಸಕ್ಕೆ ಬರುವವರಿಗೂ ಹೇಳಿ: ಕೇಳಿ ಟಿಕೆಟ್ ತೆಗೆದುಕೊಳ್ಳಬೇಕು.

3ನೇ ಕ್ರಾಸ್, ಮನೆ 41:
ಇದು ನನಗೆ ಹೊಸ ವಿಷಯ ಅಣ್ಣಾ. ಹಾಗಾದರೆ ನಾವೇ ಎಣಿಸಬೇಕು ಅಂತೀರಾ?

2ನೇ ಕ್ರಾಸ್, ನಿವೃತ್ತ ಕಂಡಕ್ಟರ್:
ಬೇರೆ ದಾರಿ ಇಲ್ಲಮ್ಮ. ಬೆಳಗ್ಗೆ 7:15ರಿಂದ 8:15, ಸಂಜೆ ಜಂಕ್ಷನ್‌ನಲ್ಲಿ 5:45ರಿಂದ 6:45. ಒಂದು ವಾರ. ಯಾರು ಕಾಯುತ್ತಿದ್ದಾರೆ, ಯಾರು ಶೇರ್ ಆಟೊ ಹತ್ತಿದರು, ಯಾರು ನಡೆದು ಹೋದರು. ವಿದ್ಯಾರ್ಥಿಗಳು ಬೇರೆ, ಕೆಲಸಕ್ಕೆ ಹೋಗುವವರು ಬೇರೆ, ಇಲ್ಲಿಗೆ ಕೆಲಸಕ್ಕೆ ಬರುವವರು ಬೇರೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದರೆ ಸಾಕು, ಆ್ಯಪು ಗೀಪು ಬೇಡ.

6ನೇ ಕ್ರಾಸ್, ಆಟೊ:
ಶೇರ್ ಆಟೊ ಲೆಕ್ಕ ನಾನು ಕೊಡ್ತೀನಿ. ಬಸ್ ಬಂದ್ರೆ ನನಗೆ ನಷ್ಟ ಅಂತ ಅಂದ್ಕೋಬೇಡಿ, ನನ್ನ ಮಗಳೂ ಆ ಬಸ್ಸಲ್ಲೇ ಹೋಗ್ತಿದ್ಲು.

ಶನಿವಾರ

4ನೇ ಕ್ರಾಸ್, ಖಜಾನೆ ಮೇಡಂ:
ಸಮಯದ ವಿಷಯ ಹೇಳಿಬಿಡುತ್ತೇನೆ. ಜನ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬಜೆಟ್ ಓದಿದ ಮೇಲೆ ಅರ್ಜಿ ಹಿಡಿದು ಓಡುತ್ತಾರೆ. ಅಷ್ಟೊತ್ತಿಗೆ ಊಟ ಬಡಿಸಿ ಆಗಿರುತ್ತದೆ. ಇಲಾಖೆಗಳು ತಮ್ಮ ಅಂದಾಜನ್ನು ಹಣಕಾಸು ಇಲಾಖೆಗೆ ಕಳಿಸುವುದು ಚಳಿಗಾಲದಲ್ಲಿ. ಜನವರಿ, ಫೆಬ್ರವರಿ ಹೊತ್ತಿಗೆ ಇಲಾಖೆವಾರು ಸಭೆ ನಡೆಯುತ್ತದೆ. ಈಗ ನವೆಂಬರ್. ಶಾಸಕರ ಕೈಗೆ ನಮ್ಮ ಕಾಗದ ಡಿಸೆಂಬರ್ ಮೊದಲ ವಾರ ಸೇರಿದರೆ ಪ್ರಯೋಜನ. ಅಧಿವೇಶನದಲ್ಲಿ ಅವರು ಪ್ರಶ್ನೆ ಕೇಳಬಹುದು, ಪೂರಕ ಅಂದಾಜಿನ ಚರ್ಚೆಯಲ್ಲೂ ಎತ್ತಬಹುದು. ವರ್ಷದ ಮಧ್ಯೆ ದುಡ್ಡು ಸಾಲದೆ ಬಂದಾಗ ಸರ್ಕಾರ ಮತ್ತೆ ಸದನದ ಮುಂದೆ ಬರುತ್ತದಲ್ಲ, ಅದೇ ಪೂರಕ ಅಂದಾಜು.

ಪುಸ್ತಕ ನೋಡುವವರಿಗೆ ಒಂದು ಮಾತು. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಎಲ್ಲ ಇದೆ. ಭಾಷಣ ಓದಬೇಡಿ, ಬೇಡಿಕೆ ಪುಸ್ತಕದ ನಾಲ್ಕು ಅಂಕಣ ನೋಡಿ: ಹಿಂದಿನ ವರ್ಷದ ಲೆಕ್ಕ, ಈ ವರ್ಷದ ಆಯವ್ಯಯ, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಆಯವ್ಯಯ. ಘೋಷಣೆ ಮಾಡಿದ್ದು ಎರಡನೆಯದರಲ್ಲಿ ಇರುತ್ತದೆ. ನಿಜಕ್ಕೂ ಏನಾಯಿತು ಅನ್ನುವುದು ಪರಿಷ್ಕೃತದಲ್ಲಿ ಸ್ವಲ್ಪ, ಲೆಕ್ಕದಲ್ಲಿ ಪೂರ್ತಿ ಗೊತ್ತಾಗುತ್ತದೆ.

ಸಂಘದ ಕಾರ್ಯದರ್ಶಿ, 1ನೇ ಕ್ರಾಸ್:
ಹಾಗಾದರೆ ನನ್ನ ಮೊದಲಿನ ಮನವಿ ಬಿಟ್ಟುಬಿಡೋಣ. ಬದಲಿಗೆ ಎರಡು ಬೇರೆ ಕಾಗದ. ಕರಡು ಹಾಕುತ್ತಿದ್ದೇನೆ, ತಿದ್ದಿ.

ಡಿಪೋ ವ್ಯವಸ್ಥಾಪಕರಿಗೆ (ಪ್ರತಿ: ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ):
‘ಬೆಳಗ್ಗೆ 7:40 ಮತ್ತು ಸಂಜೆ 6:15ರ ಟ್ರಿಪ್‌ಗಳು ದಸರಾ ರಜೆಯಿಂದ ಬರುತ್ತಿಲ್ಲ. ಅವನ್ನು ಮತ್ತೆ ಓಡಿಸಬೇಕು. ವಾಟರ್ ಟ್ಯಾಂಕ್ ನಿಲುಗಡೆಯನ್ನು ಟಿಕೆಟ್ ಯಂತ್ರದಲ್ಲಿ ಪ್ರತ್ಯೇಕ ಸ್ಟೇಜ್ ಆಗಿ ಸೇರಿಸಬೇಕು. ಒಂದು ವಾರದ ಪ್ರಯಾಣಿಕರ ಎಣಿಕೆಯನ್ನು ಲಗತ್ತಿಸಿದ್ದೇವೆ.’

ಶಾಸಕರಿಗೆ:
‘ಮುಂದಿನ ಬಜೆಟ್‌ನಲ್ಲಿ ನಮ್ಮ ಊರಿನ ನಗರ ಸಾರಿಗೆಗೆ ಚಾಲಕರ ನೇಮಕಾತಿ ಮತ್ತು ಶಕ್ತಿ ಯೋಜನೆಯ ಮರುಪಾವತಿ ಬಾಕಿ ಉಳಿಯದಂತೆ ಅನುದಾನ ಒದಗಿಸಲು ತಾವು ಒತ್ತಾಯಿಸಬೇಕು. ನಗರ ಸಾರಿಗೆ ಕರವಾಗಿ ನಮ್ಮಿಂದ ಪಡೆದ ಹಣದಲ್ಲಿ ಊರಿಗೆ ಬಂದಿದ್ದೆಷ್ಟು ಎಂದು ಸದನದಲ್ಲಿ ಪ್ರಶ್ನೆ ಕೇಳಬೇಕು.’

7ನೇ ಕ್ರಾಸ್, ಮೂಲೆ ಮನೆ:
ಚೆನ್ನಾಗಿದೆ ಸರ್. ಸ್ಟೇಜ್ ಸೇರಿಸಿದರೆ ದರ ಏರುತ್ತದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಯರೇ?

2ನೇ ಕ್ರಾಸ್, ನಿವೃತ್ತ ಕಂಡಕ್ಟರ್:
ಗಂಡಸರಿಗೆ ಸ್ವಲ್ಪ ಏರಬಹುದು. ಈಗ ಸಿಟಿ ಕಡೆಯಿಂದ ಬರುವಾಗ ಜಂಕ್ಷನ್ ತನಕದ ಟಿಕೆಟ್‌ನಲ್ಲೇ ಇಲ್ಲಿಗೆ ಬಂದು ಇಳಿಯುತ್ತೀರಿ. ಪ್ರತ್ಯೇಕ ಸ್ಟೇಜ್ ಆದರೆ ಒಂದು ಹಂತ ಮುಂದೆ ಹೋಗುತ್ತದೆ. ಇದನ್ನು ಭಾನುವಾರ ಸಹಿ ಹಾಕಿಸುವಾಗ ಮೊದಲೇ ಹೇಳಿಬಿಡಿ. ಆಮೇಲೆ ಜಗಳ ಬೇಡ.

5ನೇ ಕ್ರಾಸ್, ಮಹಡಿ ಮನೆ:
ಆಟೊಗೆ 20 ಕೊಡುವುದಕ್ಕಿಂತ ವಾಸಿ. ನನ್ನ ಸಹಿ ಹಾಕಿಕೊಳ್ಳಿ. ಶಕ್ತಿ ಮರುಪಾವತಿ ಅನ್ನುವ ಸಾಲಿನ ಬಗ್ಗೆ ನನ್ನ ತಕರಾರು ಇದ್ದೇ ಇದೆ. ಯೋಜನೆಯೇ ಬೇಡ ಅನ್ನುವವನು ನಾನು. ಆದರೆ ಕೊಡುತ್ತೇನೆ ಅಂದ ಮೇಲೆ ಪೂರ್ತಿ ಕೊಡಲಿ.

4ನೇ ಕ್ರಾಸ್, ಖಜಾನೆ ಮೇಡಂ:
ಇಷ್ಟು ಒಪ್ಪಿದರೆ ಸಾಕು. ಆರ್‌ಟಿಐ ಅರ್ಜಿ ಬರೆದಾಯಿತು, 112 ಪದ. ಪಾಲಿಕೆಯ ಕಂದಾಯ ವಿಭಾಗಕ್ಕೆ ಸೋಮವಾರ ಸ್ಪೀಡ್ ಪೋಸ್ಟ್. ಸಂಘದ ಹೆಸರಿನಲ್ಲಿ ಬೇಡ, ನನ್ನ ಹೆಸರಿನಲ್ಲೇ ಹೋಗಲಿ. ಸಂಘದ ಹೆಸರಿದ್ದರೆ ನಾಗರಿಕರು ಮಾತ್ರ ಕೇಳಬಹುದು ಅಂತ ವಾಪಸ್ ಕಳಿಸುವವರಿದ್ದಾರೆ.

ಸಂಘದ ಕಾರ್ಯದರ್ಶಿ, 1ನೇ ಕ್ರಾಸ್:
ಎಣಿಕೆ ಸೋಮವಾರದಿಂದ ಶನಿವಾರ. ಬೆಳಗ್ಗೆ ನಾನು ಮತ್ತು ಕಂಡಕ್ಟರ್ ರಾಯರು. ಸಂಜೆ ಜಂಕ್ಷನ್‌ಗೆ ಇಬ್ಬರು ಬೇಕು. ಅದರ ಮರುದಿನ ಭಾನುವಾರ ಪಾರ್ಕಿನಲ್ಲಿ ಎಣಿಕೆ ಓದಿ ಹೇಳಿ, ಆಮೇಲೆ ಸಹಿ. ಈ ಭಾನುವಾರದ ಸಹಿ ಸಂಗ್ರಹ ಮುಂದಕ್ಕೆ ಹಾಕಿದೆ, ಗಮನಿಸಿ. ಡಿಪೋಗೆ ಐದು ಜನ ಸಾಕು, ಮೆರವಣಿಗೆ ಬೇಡ. ಅವರೂ ಡ್ರೈವರಿಲ್ಲದೆ ಒದ್ದಾಡುತ್ತಿದ್ದಾರೆ, ಅಲ್ಲಿ ಹೋಗಿ ಕೂಗಾಡಿದರೆ ಪ್ರಯೋಜನವಿಲ್ಲ.

3ನೇ ಕ್ರಾಸ್, ಮನೆ 41:
ಸಂಜೆಗೆ ನಾನು ಬರುತ್ತೇನೆ, ಮಗನನ್ನೂ ಕರೆತರುತ್ತೇನೆ. ಗುರುವಾರ ಮಾತ್ರ ಅವನಿಗೆ ಲ್ಯಾಬ್ ಇದೆ, ಆ ದಿನ ಇನ್ನೊಬ್ಬರು ಬನ್ನಿ.

5ನೇ ಕ್ರಾಸ್, ಮಹಡಿ ಮನೆ:
ಗುರುವಾರ ನಾನು. ನೋಟ್‌ಬುಕ್ ಯಾರ ಹತ್ತಿರ ಇರುತ್ತೆ?